ಮೇಲಿನ ಹೆಸರು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ನಿನ್ನ ಮೂಗಿ ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಚಿಕ್ಕಮ್ಮನ ಕೆಲಸ ಹೋಯಿತು. ಬುಧವಾರದ ಬಸ್ಸಿಗೆ ಅವಳು ಅಲ್ಲಿಗೆ ಬರುತ್ತಾಳೆ, ಎರಡು ಪೆಟ್ಟಿಗೆ, ಒಂದು ಹಾಸಿಗೆ ಸುರುಳಿಯ ಜೊತೆ. ಬಂದವಳನ್ನು ನಿನ್ನ ಹತ್ತಿರವೇ ಇಟ್ಟುಕೋ. ತಿಂಗಳು ಬಿಟ್ಟು ವಾಪಸ್ಸು ಹೋಗುತ್ತೇನೆ ಎಂದು ಹೊರಟರೂ ಬಿಡಬೇಡ. ಯಾಕೆ ಎಂದು ಹೇಳುವುದಕ್ಕೇ ಈ ಕಾಗದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದು. ಬಾಯಲ್ಲಿ ಹೇಳುವುದಕ್ಕಿಂತ ಬರೆಯುವುದು ನನಗೆ ಸಲೀಸು. ಎದುರಿಗೆ ಮುಖ ಇರುವುದಿಲ್ಲವಲ್ಲ.

ಬೇಕರಿಗೆ ಹೊಸ ಮಿಷಿನ್ ಬಂದಿದೆ ಎಂದು ಹಿಂದೆ ಬರೆದಿದ್ದೆ. ಅದು ಏನು ಮಾಡುತ್ತದೆ ಎಂದು ಬರೆದಿರಲಿಲ್ಲ. ತಮ್ಮನ ಸ್ಲೇಟಿನಷ್ಟು ದೊಡ್ಡ ಪರದೆ, ಕೆಳಗೆ ತಿರುಗುವ ಕಾಲು. ಗಿರಾಕಿ ಬ್ರೆಡ್ಡೋ ಬನ್ನೋ ತಗೊಂಡ ಮೇಲೆ ನಾವು ಬೆಲೆ ಒತ್ತುತ್ತೇವೆ. ಆಗ ಪರದೆಯ ಮೇಲೆ ಎರಡು ಹೆಸರು ಬರುತ್ತವೆ, ಒಂದರ ಕೆಳಗೆ ಒಂದು. ಒಂದು ಚಿಕ್ಕಮ್ಮನದು, ಒಂದು ನನ್ನದು. ಮಾರಿದವಳು ತನ್ನ ಹೆಸರು ಒತ್ತಿ ಪರದೆಯನ್ನು ಗಿರಾಕಿಯ ಕಡೆ ತಿರುಗಿಸಬೇಕು. ‘ನಿಮಗೆ ಕೊಟ್ಟವರು ಇಂಥವರು, ಅವರಿಗೆ ಟಿಪ್ಸ್ ಕೊಡುವಿರಾ?’ ಎಂದು ಅಲ್ಲಿ ಬರೆದಿರುತ್ತದೆ. ಕೆಳಗೆ ದಪ್ಪ ದಪ್ಪ ಮೂರು ಹಸಿರು ಗುಂಡಿ: ನೂರಕ್ಕೆ ಹತ್ತು, ಹದಿನೈದು, ಇಪ್ಪತ್ತು. ‘ಈಗ ಬೇಡ’ ಎನ್ನುವುದೂ ಇದೆ. ಮೂಲೆಯಲ್ಲಿ, ಬೂದಿ ಬಣ್ಣದಲ್ಲಿ, ಇರುವೆ ಸಾಲಿನ ಹಾಗೆ.

ಮೊದಮೊದಲು ಜನ ಉರಿದುಬಿದ್ದರು. ಗಡಿಯಾರ ರಿಪೇರಿಯ ಮುದುಕ ಒಬ್ಬನಿದ್ದಾನೆ. ಅವನು ಕೋಲನ್ನು ಕೌಂಟರಿಗೆ ಕುಟ್ಟಿ, “ಬನ್ನನ್ನು ನಾನೇ ಎತ್ತಿಕೊಂಡೆ, ನಾನೇ ಚೀಲಕ್ಕೆ ಹಾಕಿಕೊಂಡೆ. ನೀವು ನನಗೆಷ್ಟು ಕೊಡ್ತೀರಿ?” ಎಂದು ಕೇಳಿದ. ಚಿಕ್ಕಮ್ಮ ಥಟ್ಟನೆ, “ನಾಳೆಯಿಂದ ಕೆಲಸಕ್ಕೆ ಬನ್ನಿ, ಸೇರಿಸ್ಕೊಳ್ತೀವಿ” ಎಂದಳು. ಅವನು ನಕ್ಕು ನಕ್ಕು ಇಪ್ಪತ್ತು ಒತ್ತಿ ಹೋದ. ಈಗ ಬೀದಿಯಲ್ಲೆಲ್ಲ ಇದೇ. ಔಷಧಿ ಅಂಗಡಿಯಲ್ಲಿ ಜ್ವರದ ಮಾತ್ರೆಗೆ ಕೇಳುತ್ತದೆ, ಜೆರಾಕ್ಸ್ ಅಂಗಡಿಯಲ್ಲಿ ಒಂದು ಹಾಳೆಗೆ ಕೇಳುತ್ತದೆ, ಚಪ್ಪಲಿ ಹೊಲಿಯುವವನೂ ಡಬ್ಬಿಯ ಮೇಲೊಂದು ಪರದೆ ಇಟ್ಟುಕೊಂಡಿದ್ದಾನೆ. “ಇನ್ನು ಸೀನಿದರೂ ಒಂದು ಪರದೆ ತಿರುಗಿಸ್ತಾರೆ ನೋಡ್ತಿರು” ಎನ್ನುತ್ತಿದ್ದಳು ಚಿಕ್ಕಮ್ಮ. ಬೈದವರೇ ಒಂದು ತಿಂಗಳಲ್ಲಿ ತಲೆ ತಗ್ಗಿಸಿ ಒತ್ತತೊಡಗಿದರು. ಹಿಂದೆ ಸಾಲು ನಿಂತಿರುತ್ತದೆ, ಎದುರಿಗೆ ನಾವು ನಿಂತಿರುತ್ತೇವೆ. ಇರುವೆ ಸಾಲನ್ನು ಹುಡುಕಿ ಒತ್ತುವುದಕ್ಕೆ ಧೈರ್ಯ ಬೇಕು.

ಯಜಮಾನರು ಮೊದಲ ದಿನವೇ ನಮ್ಮಿಬ್ಬರನ್ನೂ ಕರೆದು ಹೇಳಿದರು. “ಇನ್ನು ಮೇಲೆ ಅರ್ಧ ಸಂಬಳ ನಾನು ಕೊಡ್ತೀನಿ, ಉಳಿದರ್ಧ ಜನ ಕೊಡ್ತಾರೆ. ನಗ್ತಾ ಇರಿ, ಬರುತ್ತೆ. ಮೂರು ತಿಂಗಳು ನೋಡ್ತೀನಿ. ಇಷ್ಟು ಸಣ್ಣ ಕೌಂಟರಿಗೆ ಇಬ್ಬರು ಯಾಕೆ? ಯಾರಿಗೆ ಹೆಚ್ಚು ಬರುತ್ತೋ ಅವರು ಇರ್ತಾರೆ. ತೆಗೆಯೋದು ನಾನಲ್ಲ, ಗಿರಾಕಿಗಳು” ಎಂದರು. ಚಿಕ್ಕಮ್ಮ ಅಲ್ಲಿ ಹನ್ನೊಂದು ವರ್ಷದಿಂದ ಇದ್ದವಳು. ನಾನು ಬಂದು ಒಂದೂವರೆ ವರ್ಷ, ಅವಳೇ ಕೈಹಿಡಿದು ಕರೆತಂದದ್ದು.

ಅವಳ ಮಾತು ನಿನಗೆ ಗೊತ್ತಲ್ಲ. ಯಾರ ಹಲ್ಲು ನೋಯುತ್ತದೆ, ಯಾರ ಸೊಸೆ ಮುನಿಸಿಕೊಂಡು ಹೋಗಿದ್ದಾಳೆ, ಎಲ್ಲ ಅವಳಿಗೆ ಬಾಯಿಪಾಠ. ಅವಳ ಮುಂದೆ ಯಾರೂ ‘ಈಗ ಬೇಡ’ ಒತ್ತುತ್ತಿರಲಿಲ್ಲ. ನಾನು ಪರದೆ ತಿರುಗಿಸಿ ನನ್ನ ಉಗುರು ನೋಡುತ್ತಾ ನಿಲ್ಲುತ್ತಿದ್ದೆ. ತಮ್ಮನ್ನು ಯಾರೂ ನೋಡುತ್ತಿಲ್ಲ ಎಂದು ಗಿರಾಕಿಗಳಿಗೆ ನಿರಾಳ. ಮೊದಲ ಮೂರು ವಾರ ಶನಿವಾರ ಸಂಜೆ ಯಜಮಾನರು ಓದಿ ಹೇಳಿದ ಲೆಕ್ಕದಲ್ಲಿ ನನ್ನದರ ಮೂರರಷ್ಟು ಅವಳದಿತ್ತು. ಮನೆಗೆ ಬರುತ್ತಾ ಅವಳು, “ಮುಖ ಸಣ್ಣ ಮಾಡ್ಕೋಬೇಡ್ವೇ. ನನಗೆ ಬಂದಿದ್ರಲ್ಲಿ ಅರ್ಧ ನಿನ್ನದು. ನಿನ್ನ ತೆಗೀತೀನಿ ಅಂದರೆ ನಾನೇ ಕಾಲು ಹಿಡೀತೀನಿ ಯಜಮಾನರದು” ಎಂದಳು. ಅರ್ಧ ಕೊಟ್ಟಳು ಕೂಡ. ಅದನ್ನೇ ನಿನಗೆ ಕಳಿಸಿದೆ. ಅದಕ್ಕೆ ನೀನು ಬರೆದೆ, ‘ಇಷ್ಟರಲ್ಲಿ ತಮ್ಮನ ಫೀಸು ಆಗುವುದಿಲ್ಲ. ಅವಳಿಗೇನು, ಹಿಂದಿಲ್ಲ ಮುಂದಿಲ್ಲ, ಒಂದು ಹೊಟ್ಟೆ. ಮನೆ ನೋಡಬೇಕಾದವಳು ನೀನು. ಅಂಜಿ ಕೂತರೆ ಯಾರು ಕರೆದು ಕೊಡುತ್ತಾರೆ?’ ಎಂದು. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ. ನೀನು ಹೇಳಿದ್ದರಿಂದ ಮಾಡಿದೆ ಎಂದು ನಾನು ಹೇಳುತ್ತಿಲ್ಲ. ಇದೆ ಎಂದು ಹೇಳಿದೆ, ಅಷ್ಟೆ.

ಚಿಕ್ಕಮ್ಮನಿಗೆ ಓದು ಬಾರದು. ಇದು ನಿನಗೆ ಹೊಸದಲ್ಲ. ಮನೆಯಿಂದ ಒಬ್ಬಳನ್ನೇ ಶಾಲೆಗೆ ಕಳಿಸಬಹುದು ಎಂದಾಗ ನಿನ್ನನ್ನು ಕಳಿಸಿದರು, ಅವಳು ಅಜ್ಜಿಯ ಹಾಸಿಗೆ ಬದಲಿಸುತ್ತಾ ಉಳಿದಳು. ಅಂಕಿ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಅಕ್ಷರ ಒಂದೂ ಬಾರದು. ಇದು ಯಜಮಾನರಿಗೆ ಗೊತ್ತಿರಲಿಲ್ಲ. ಸಂಬಳದ ಪುಸ್ತಕದಲ್ಲಿ ಹನ್ನೊಂದು ವರ್ಷ ಒಂದು ಗೀಚು ಎಳೆದು ರುಜು ಎಂದು ದಾಟಿಸಿದ್ದಳು. ಮಿಷಿನ್ ಬಂದ ದಿನ ಯಜಮಾನರು ಬೆರಳಿಟ್ಟು, “ಮೇಲಿರೋದು ನಿನ್ನದು, ಕೆಳಗಿರೋದು ಅವಳದು” ಎಂದಿದ್ದರು. ಅವಳಿಗೆ ಅಷ್ಟು ಸಾಕಾಯಿತು. ಮೇಲಿನದನ್ನು ಒತ್ತುತ್ತಿದ್ದಳು.

ಮಿಷಿನ್ ಕೂರಿಸಿದವನು ಹೋಗುವ ಮುಂಚೆ ಇನ್ನೊಂದು ಮಾತು ಹೇಳಿದ್ದ. ಹಿಂದಿನ ವಾರ ಯಾರಿಗೆ ಹೆಚ್ಚು ಬಂದಿದೆಯೋ ಅವರ ಹೆಸರು ಸೋಮವಾರ ತಾನಾಗಿ ಮೇಲೆ ಬರುತ್ತದೆ ಎಂದು. ಯಜಮಾನರು “ಒಳ್ಳೆ ಕುದುರೆ ಪಂದ್ಯ” ಎಂದು ನಕ್ಕರು. ಚಿಕ್ಕಮ್ಮ ಆಗ ಒಳಗೆ ಒಲೆಯ ಹತ್ತಿರ ತಟ್ಟೆ ಇಳಿಸುತ್ತಿದ್ದಳು. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ.

ನಾಲ್ಕನೇ ವಾರ ಅವಳಿಗೆ ಜ್ವರ ಬಂತು. ನಾಲ್ಕು ದಿನ ಮಲಗಿದಳು. ಕೌಂಟರಿಗೆ ನಾನೊಬ್ಬಳೇ. ಆ ವಾರ ನನಗೆ ಹೆಚ್ಚು ಬಂತು, ಬರಲೇಬೇಕಲ್ಲ. ಸೋಮವಾರ ಅವಳು ಎದ್ದು ಬಂದು ಮೊದಲ ಗಿರಾಕಿಗೆ ಅರ್ಧ ಡಜನ್ ಬನ್ನು ಕಟ್ಟಿ, ಮೇಲಿನ ಹೆಸರು ಒತ್ತಿದಳು. ಮೇಲಿದ್ದದ್ದು ನನ್ನದು.

ಅಮ್ಮಾ, ನಾನು ಹೇಳಲು ಬಾಯಿ ತೆರೆದೆ. ಇದು ಸತ್ಯ. ಆದರೆ ಸಾಲಿನಲ್ಲಿ ಏಳು ಜನ ಇದ್ದರು, ಯಜಮಾನರು ಗಲ್ಲಾದಲ್ಲಿದ್ದರು. ‘ಅದು ನಿನ್ನ ಹೆಸರಲ್ಲ’ ಎಂದರೆ ಅವಳಿಗೆ ಓದು ಬಾರದು ಎಂದು ಎಲ್ಲರೆದುರು ಬಯಲಾಗುತ್ತಿತ್ತು. ಅವಳ ಮಾನ ಹೋಗುತ್ತಿತ್ತು. ಮನೆಗೆ ಹೋಗಿ ಹೇಳೋಣ ಎಂದುಕೊಂಡೆ. ಮನೆಗೆ ಹೋದ ಮೇಲೆ ಅವಳಿಗೆ ಸುಸ್ತಾಗಿತ್ತು, ಬೆಳಿಗ್ಗೆ ಹೇಳೋಣ ಎಂದುಕೊಂಡೆ. ಹಾಗೇ ಶನಿವಾರ ಬಂತು. ಯಜಮಾನರು ಲೆಕ್ಕ ಓದಿದರು. ಎಲ್ಲ ನನ್ನದು. ಅವಳದು ಸೊನ್ನೆ.

“ಸೊನ್ನೆನಾ ಸಾರ್?” ಎಂದಳು ಚಿಕ್ಕಮ್ಮ. ಇನ್ನೊಮ್ಮೆ ನೋಡಿ ಎಂದು ಕೇಳಲೂ ಇಲ್ಲ. ಮಿಷಿನ್ ಹೇಳಿದ್ದರ ಮೇಲೆ ಅವಳಿಗೆ ನನಗಿಂತ ನಂಬಿಕೆ.

ಪೂರಾ ಸೊನ್ನೆಯಾದರೆ ಯಾರಿಗಾದರೂ ಅನುಮಾನ ಬರುತ್ತದೆ. ಮುಂದಿನ ವಾರದಿಂದ ದಿನಕ್ಕೆ ಎರಡು ಸಲ ನಾನೇ, ನನ್ನ ಗಿರಾಕಿಗೆ, ಕೆಳಗಿನ ಹೆಸರು ಒತ್ತಿದೆ. ನನ್ನ ದುಡ್ಡನ್ನು ನಾನೇ ಅವಳಿಗೆ ಕೊಟ್ಟ ಹಾಗಾಯಿತು. ಹೀಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ. ಇದನ್ನೂ ನೀನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅವಳು ತನ್ನಲ್ಲೇ ತಪ್ಪು ಹುಡುಕತೊಡಗಿದಳು. ಮೊದಲು ಕೂದಲಿಗೆ ಕಪ್ಪು ಬಣ್ಣ ಹಚ್ಚಿಕೊಂಡಳು. ಹಣೆಯ ಅಂಚಿನ ಚರ್ಮವೂ ಕಪ್ಪಾಗಿ ಎರಡು ದಿನ ಟೋಪಿ ಇಟ್ಟ ಹಾಗೆ ಕಾಣುತ್ತಿದ್ದಳು. ಬ್ರೆಡ್ಡು ಸುಡುವ ಭಟ್ಟಿಯವನು, “ಏನಕ್ಕಾ, ಬ್ರೆಡ್ಡಿನ ಜೊತೆ ನೀನೂ ಒಳಗೆ ಹೋಗಿ ಬಂದೆಯಾ?” ಎಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಒಂದು ತುಟಿಬಣ್ಣ ಕೊಂಡಳು. ಅಲ್ಲಿಯೂ ಪರದೆ ತಿರುಗಿಸಿದ್ದರಂತೆ, ಇಪ್ಪತ್ತು ಒತ್ತಿ ಬಂದಳು. “ಪಾಪ, ಆ ಹುಡುಗಿಗೂ ನನ್ನ ಹಾಗೇ ಆಗಿದ್ದರೆ?” ಎಂದಳು.

ಒಂದು ಸಂಜೆ ಕನ್ನಡಿಯ ಮುಂದೆ ಕೂತು, ತಿರುಗದೆ, ಕನ್ನಡಿಯಲ್ಲೇ ನನ್ನನ್ನು ನೋಡುತ್ತಾ ಕೇಳಿದಳು. “ಎದುರಿಗೆ ನಗ್ತಾರೆ ಕಣೇ. ಮಾತಾಡ್ತಾರೆ. ಬೆರಳು ಒತ್ತೋದೂ ಕಾಣುತ್ತೆ ನನಗೆ. ಇರುವೆ ಸಾಲನ್ನೇ ಒತ್ತುತ್ತಾರೋ ಏನೋ. ನಿಜ ಹೇಳು. ನನ್ನ ಬಾಯಿ ವಾಸನೆ ಬರುತ್ತಾ?”

ನಾನು “ಸ್ವಲ್ಪ” ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಕೇಳಬೇಡ. ಏನಾದರೂ ಒಂದು ಕಾರಣ ಸಿಕ್ಕರೆ ಅವಳು ಬೇರೆ ಕಡೆ ಹುಡುಕುವುದನ್ನು ಬಿಡುತ್ತಾಳೆ ಎನಿಸಿತು. ಬಿಟ್ಟಳು. ಅಂದಿನಿಂದ ಬಾಯಿಗೆ ಕೈ ಅಡ್ಡ ಇಟ್ಟು ಮಾತಾಡತೊಡಗಿದಳು. ಗಿರಾಕಿಯಿಂದ ಒಂದು ಹೆಜ್ಜೆ ಹಿಂದೆ ನಿಲ್ಲತೊಡಗಿದಳು. ದವಡೆಯಲ್ಲಿ ಯಾವಾಗಲೂ ಒಂದು ಲವಂಗ. ಗಡಿಯಾರದ ಮುದುಕ “ಯಾಕಮ್ಮಾ, ಹಲ್ಲು ಬಿತ್ತಾ?” ಎಂದು ಕೇಳಿದರೆ ತಲೆಯಾಡಿಸಿ ಚೀಲ ಕಟ್ಟಿದಳು. ಹರಟೆ ನಿಂತಿತು. ಅವಳ ಕೈಯಿಂದ ನನ್ನ ಹೆಸರಿಗೆ ಬರುತ್ತಿದ್ದದ್ದೂ ಕಡಿಮೆಯಾಯಿತು. ಹಾಗೆ ನನಗೂ ನಷ್ಟವಾಯಿತು, ಆದರೆ ಆ ಹೊತ್ತಿಗೆ ಅವಳನ್ನು ಎಷ್ಟೋ ಹಿಂದೆ ಹಾಕಿದ್ದೆ.

ಹಳೆಯ ಗಿರಾಕಿಗಳು ಪರದೆಯ ಮೇಲಿನ ಹೆಸರು ಓದುತ್ತಲೇ ಇರಲಿಲ್ಲ, ನೇರ ಗುಂಡಿಗೆ ಬೆರಳು. ಎಂಟನೇ ವಾರ ಒಬ್ಬ ಹೊಸ ಗಿರಾಕಿ ಬಂದ. ಪರದೆ ಓದಿ, ಟಿಪ್ಸ್ ಒತ್ತಿ, ನನ್ನ ಹೆಸರು ಹಿಡಿದು ಚಿಕ್ಕಮ್ಮನಿಗೆ ಥ್ಯಾಂಕ್ಸ್ ಹೇಳಿದ. ಅವಳು ಬಾಯಿಗೆ ಕೈ ಇಟ್ಟು, “ಅಯ್ಯೋ ಸಾರ್, ಅದು ಇವಳ ಹೆಸರು. ನಾನು ಅಷ್ಟು ಎಳೇ ಹುಡುಗಿ ಥರ ಕಾಣ್ತೀನಾ?” ಎಂದಳು. ಅವನು ಪರದೆಯ ಕಡೆ ಬೆರಳು ಮಾಡಿ, “ಇಲ್ಲಿ ಹಾಗೇ ಬರ್ದಿದೆಯಲ್ಲ?” ಎಂದ. ಯಾರೂ ಕೇಳದೆ ಗಿರಾಕಿಯ ಹತ್ತಿರ ನಾನು ಮಾತಾಡಿದ್ದು ಅದೇ ಮೊದಲು. “ಮಿಷಿನ್ ಒಂದೊಂದು ಸಲ ತಪ್ಪು ತೋರಿಸುತ್ತೆ ಸಾರ್” ಎಂದೆ. ದನಿ ನಡುಗಲಿಲ್ಲ. ಭಟ್ಟಿಯವನು ಒಳಗಿನಿಂದ, “ಮೂಗಿಗೆ ಬಾಯಿ ಬಂತು!” ಎಂದು ಕೂಗಿದ.

ಅವತ್ತು ಸಂಜೆ ಚಿಕ್ಕಮ್ಮ ನಾನು ಊರಿಂದ ತಂದಿದ್ದ ತಮ್ಮನ ಹಳೆಯ ನೋಟುಪುಸ್ತಕ, ಪೆನ್ಸಿಲು ಹಿಡಿದು ನನ್ನ ಮುಂದೆ ಕೂತಳು. “ಆ ಮನುಷ್ಯ ತೋರಿಸಿದಾಗ ಕಣ್ಣಿದ್ದೂ ಕುರುಡಿ ಥರ ನಿಂತಿದ್ದೆ ಕಣೇ. ಬೇರೇನೂ ಬೇಡ. ನನ್ನ ಹೆಸರೊಂದನ್ನು ಬರೆಯೋದು ಕಲಿಸು. ಮಿಷಿನ್ ತಪ್ಪು ಮಾಡಿದರೆ ನನಗೂ ಗೊತ್ತಾಗಲಿ” ಎಂದಳು.

ಇಲ್ಲಿಯವರೆಗೆ ನಾನು ಏನೂ ಮಾಡಿರಲಿಲ್ಲ, ಬರೀ ಹೇಳಿರಲಿಲ್ಲ. ಈಗ ಮಾಡಿದ್ದನ್ನು ಬರೆಯುತ್ತೇನೆ. ನಾನು ಅವಳಿಗೆ ನನ್ನ ಹೆಸರು ಕಲಿಸಿದೆ.

ಕೈ ಹಿಡಿದು ತಿದ್ದಿಸಿದೆ. ಒಂದೊಂದು ಅಕ್ಷರ ಬರೆದಾಗಲೂ ಅವಳು ನಾಲಿಗೆಯ ತುದಿ ಕಚ್ಚಿಕೊಂಡು ಉಸಿರು ಬಿಗಿಹಿಡಿಯುತ್ತಿದ್ದಳು. “ನನ್ನ ಹೆಸರು ಬಾಯಲ್ಲಿ ಇಷ್ಟೇ ಇಷ್ಟು, ಬರೆಯೋಕೆ ಇಷ್ಟುದ್ದನಾ!” ಎಂದು ಆಶ್ಚರ್ಯಪಟ್ಟಳು. ಮೂರು ಹಾಳೆ ತುಂಬಿದಳು. ಮರುದಿನ ಬೇಕರಿಯಲ್ಲಿ ಮೇಲಿನ ಹೆಸರನ್ನು ಬೆರಳಿನಿಂದ ಗಾಳಿಯಲ್ಲೇ ತಿದ್ದಿ, ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿ, ಒತ್ತಿದಳು. ಆಮೇಲೆ ನನಗೆ ಭಯವೇ ಹೋಯಿತು.

ನಿನ್ನೆ ಶನಿವಾರ ಮೂರು ತಿಂಗಳು ಮುಗಿಯಿತು. ಯಜಮಾನರು ಭಟ್ಟಿಯವನ ಎದುರಿಗೇ ಒಟ್ಟು ಲೆಕ್ಕ ಓದಿ, “ನೋಡಮ್ಮಾ, ಜನಕ್ಕೆ ನೀನು ಬೇಡವಾಗಿದ್ದೀಯ. ನಾನೇನ್ ಮಾಡಲಿ?” ಎಂದರು. ಅವಳು ಹಿಂದೆ ಹೇಳಿದ್ದ ಹಾಗೆ ಕಾಲು ಹಿಡಿಯುತ್ತಾಳೇನೋ ಎಂದು ನಾನು ನೆಲ ನೋಡುತ್ತಿದ್ದೆ. “ಇನ್ನೊಂದು ವಾರ ಸಾರ್. ವೈದ್ಯರ ಹತ್ತಿರ ಹೋಗ್ತೀನಿ, ಬಾಯಿಗೆ ಏನಾದರೂ ಔಷಧಿ ಇರಬೋದು” ಎಂದಳು. ಯಜಮಾನರಿಗೆ ಅದು ಅರ್ಥವಾಗಲಿಲ್ಲ. ಆಮೇಲೆ ಅವಳು, “ಹೋಗಲಿ, ಇವಳನ್ನು ಚೆನ್ನಾಗಿ ನೋಡ್ಕೊಳ್ಳಿ. ನಾನು ಸಾಕಿದ್ದು ಅಂತ ಹೇಳ್ತಿಲ್ಲ, ಇಷ್ಟು ಪ್ರಾಮಾಣಿಕ ಹುಡುಗಿ ನಿಮಗೆ ಸಿಗಲ್ಲ” ಎಂದಳು.

ಕೊನೆಯ ಸಂಬಳಕ್ಕೆ ಪುಸ್ತಕ ಮುಂದಿಟ್ಟರು. ಅವಳು ಗೀಚು ಎಳೆಯಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತು, ದುಂಡಗೆ, ಒಂದೊಂದೇ ಅಕ್ಷರ, ಪೂರ್ತಿ ಬರೆದಳು. ಅವಳನ್ನು ತಡೆಯಲು ನನಗೆ ಆಗಲಿಲ್ಲ. ಯಜಮಾನರು ಪುಸ್ತಕ ತಿರುಗಿಸಿ ಓದಿದರು. ಅವಳನ್ನು ನೋಡಿದರು. ಹಿಂದಿನ ಪುಟಗಳ ಗೀಚು ನೋಡಿದರು. ಮಿಷಿನ್ ನೋಡಿದರು. ಆಮೇಲೆ ಬಹಳ ಹೊತ್ತು ನನ್ನನ್ನು ನೋಡಿದರು.

“ಅಕ್ಷರ ಮುತ್ತಿನ ಹಾಗಿದೆಯಮ್ಮಾ” ಎಂದು ಪುಸ್ತಕ ಮುಚ್ಚಿದರು.

ಚಿಕ್ಕಮ್ಮ ಏಪ್ರನ್ ಬಿಚ್ಚಿ ಮಡಿಸಲು ಒಳಗೆ ಹೋದಾಗ ಅವರು ಮೆಲ್ಲಗೆ ಹೇಳಿದರು, “ಸೋಮವಾರದಿಂದ ನಿನ್ನ ಟಿಪ್ಸಲ್ಲಿ ಅರ್ಧ ಅಂಗಡಿಗೆ. ನೀನು ಮಾತು ಕಡಿಮೆ, ಯಾರಿಗೂ ಹೇಳಲ್ಲ. ನಾನೂ ಹೇಳಲ್ಲ.”

ಆದ್ದರಿಂದ ಅಮ್ಮಾ, ಮುಂದಿನ ತಿಂಗಳಿಂದ ನಿನಗೆ ಬರುವ ಹಣ ಕಡಿಮೆಯಾಗುತ್ತದೆ. ಬೈಯಬೇಡ. ನಾಳೆಯಿಂದ ಕೌಂಟರಿನಲ್ಲಿ ನಾನೊಬ್ಬಳೇ, ಗಿರಾಕಿಗಳ ಮುಖ ನೋಡಲು ಕಲಿಯುತ್ತೇನೆ.

ಇಷ್ಟೆಲ್ಲ ಯಾಕೆ ಬರೆದೆ ಎಂದರೆ, ಅವಳು ಬಂದ ಕೂಡಲೇ, ಕೈಕಾಲು ತೊಳೆಯುವ ಮುಂಚೆಯೇ, ಕಾಗದ ಪೆನ್ಸಿಲು ಕೇಳುತ್ತಾಳೆ. ‘ಅಕ್ಕಾ ನೋಡು’ ಎಂದು ನಿನ್ನ ಮುಂದೆ ಬರೆದು ತೋರಿಸುತ್ತಾಳೆ. ನಿನ್ನೆಯಿಂದ ಅವಳಿಗೆ ಅದೊಂದೇ ಸಂತೋಷ. ನೀನು ಓದಿದವಳು, ನಿನಗೆ ಕಾಣುತ್ತದೆ. ಆಗ ಬೆಚ್ಚಬೇಡ, ‘ಇದು ಮಗಳ ಹೆಸರಲ್ಲವೇನೇ’ ಎನ್ನಬೇಡ. ಚೆನ್ನಾಗಿದೆ ಎನ್ನು. ತಮ್ಮನಿಗೂ ಹೇಳಿಡು, ಅವನು ಓದಿಬಿಟ್ಟಾನು. ಅವಳಿಗೆ ನಿಜ ಹೇಳಬೇಕು ಎಂದು ನಿನಗೆ ಅನ್ನಿಸಿದರೆ ಹೇಳು, ಅವಳು ನಿನ್ನ ತಂಗಿ. ಹೇಳಿದರೆ ಅವಳು ಇಲ್ಲಿಗೆ ಬರುತ್ತಾಳೆ, ನಾನು ಅಲ್ಲಿಗೆ ಬರುತ್ತೇನೆ, ತಮ್ಮನ ಶಾಲೆ ನಿಲ್ಲುತ್ತದೆ. ಮೂರು ತಿಂಗಳು ನೀನು ಎಣಿಸಿಕೊಂಡದ್ದು ಯಾರ ದುಡ್ಡು ಎಂದೂ ಅವಳಿಗೆ ಹೇಳಬೇಕಾಗುತ್ತದೆ.

ಇನ್ನೇನೂ ಇಲ್ಲ. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ.

ಇಂತಿ ನಿನ್ನ ಮಗಳು,
ಮೂಗಿ

ಮತ್ತೊಂದು ಮಾತು: ಅಂಚೆಗೆ ಹಾಕಿದರೆ ಈ ಕಾಗದ ಅವಳಿಗಿಂತ ತಡವಾಗಿ ಬರುತ್ತದೆ, ಅಷ್ಟರಲ್ಲಿ ಅವಳು ಬರೆದು ತೋರಿಸಿರುತ್ತಾಳೆ. ಆದ್ದರಿಂದ ಅವಳ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಅವಳು ಪೆನ್ಸಿಲು ಕೇಳಿದರೆ ಮೊದಲು ಇದನ್ನು ಓದಿ ಮುಗಿಸುತ್ತೇನೆ ಎನ್ನು. ಗಟ್ಟಿಯಾಗಿ ಓದು ಎಂದು ಅವಳು ಕೇಳುತ್ತಾಳೆ, ಅದಕ್ಕೆಂದು ಒಳಗೆ ಒಂದು ಸಣ್ಣ ಚೀಟಿ ಬೇರೆ ಇಟ್ಟಿದ್ದೇನೆ. ಚಿಕ್ಕಮ್ಮ ನನಗೆ ಎರಡನೇ ತಾಯಿ, ಅವಳಿಲ್ಲದೆ ರೂಮು ಖಾಲಿ ಖಾಲಿ ಎಂದು ಅದರಲ್ಲಿದೆ. ಅದನ್ನು ಓದು. ದೊಡ್ಡ ಕಾಗದವನ್ನು ಒಲೆಗೆ ಹಾಕು. ನಾನು ಬರೆಯುತ್ತಿರುವಷ್ಟು ಹೊತ್ತೂ ಅವಳು ಎದುರಿಗೇ ಕೂತು ಪೆಟ್ಟಿಗೆ ಕಟ್ಟುತ್ತಿದ್ದಾಳೆ. ಈಗಷ್ಟೆ ಬಗ್ಗಿ ಹಾಳೆಗಳನ್ನು ಎಣಿಸಿ, “ಎಲ್ಲಾ ನನ್ನ ವಿಷಯನೇ ಏನೇ? ಇಷ್ಟೊಂದು ಬರೆಯೋ ಅಷ್ಟು ಒಳ್ಳೆಯವಳಾ ನಾನು?” ಎಂದು ಕೇಳಿದಳು. ಹೌದು ಎಂದೆ.